ಶಿಕ್ಷೆಯೂ ವ್ಯವಹಾರ್ಯತೆಯೂ: ಬಳ್ಳಾರಿಯ ಸೆರೆಮನೆಯನ್ನು ಕುರಿತ ಒಂದು ವಿಚಾರ

ಕನ್ನಡದಲ್ಲಿ ‘ಶಿಕ್ಷೆ’ಯೆಂದರೆ ದಂಡನೆ, ‘ಶಿಕ್ಷಣ’ವೆಂದರೆ ವಿದ್ಯಾದಾನ. ಎರಡು ಶಬ್ದಗಳಿಗೂ ಮೂಲವೊಂದೇ. ಷಡಂಗಗಳಲ್ಲಿ ಒಂದಾದ ಶಿಕ್ಷೆಯು ವರ್ಣೋಚ್ಚಾರಣೆಯನ್ನು ಕಲಿಸುವ ಶಾಸ್ತ್ರವೇ ಹೊರತು ದಂಡಿಸುವ ಶಾಸ್ತ್ರವಲ್ಲ. ‘ಶಕ್’ ಧಾತುವಿನ ಸನ್ನಂತರೂಪವಾಗಿಯೂ ಈ ಶಬ್ದವು ಸಿದ್ಧಿಸುವುದರಿಂದ, ಶಕ್ತನಾಗಬೇಕೆಂಬ ಇಚ್ಛೆಯೇ ಇದರ ಹೃದಯವೆಂದು ಹೇಳಬಹುದು. ಲೋಕರೂಢಿಯಲ್ಲಿ ಬೇರೆಬೇರೆಯಾದ ಈ ಎರಡರ್ಥಗಳು ಸೆರೆಮನೆಯಲ್ಲಿ ಮರಳಿ ಎಷ್ಟರಮಟ್ಟಿಗೆ ಕೂಡಿದುವು, ಇನ್ನೂ ಕೂಡದೆ ಉಳಿದುದಾವುದು ಎಂಬುದನ್ನು ಬಳ್ಳಾರಿಯ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಬಂದಿಗಳ ವಿಷಯದಲ್ಲಿ ದಯೆ ನಮ್ಮ ದೇಶಕ್ಕೆ ಹೊಸದಲ್ಲ. ಸ್ತ್ರೀಪುರುಷರಿಗೆ ಪ್ರತ್ಯೇಕವಾದ ಬಂಧನಾಗಾರಗಳಿರಬೇಕೆಂದೂ, ರಾಜನ ಜನ್ಮನಕ್ಷತ್ರದಂದು ಮತ್ತು ಪೂರ್ಣಿಮೆಗಳಂದು ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರನ್ನು ಬಿಡಬೇಕೆಂದೂ ಕೌಟಿಲ್ಯನು ವಿಧಿಸಿದ್ದಾನೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೊಳಂ ಗ್ರಾಮಗಳಲ್ಲಿ ಅಶೋಕನ ಲಘುಶಿಲಾಶಾಸನಗಳಿರುವುದು ಸುವಿದಿತವಾಗಿದೆ. ಅವುಗಳಲ್ಲಿ ಬಂದಿಗಳ ಮಾತಿಲ್ಲ. ಆದರೆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತ ಶಿಲೆಯಲ್ಲಿ ಅದೇ ಅರಸನ ಪ್ರತ್ಯೇಕ ಶಾಸನಗಳ ಭಾಗಗಳಿವೆ. ಧೌಲಿ, ಜೌಗಡಗಳಲ್ಲಿರುವ ಪಾಠಗಳಿಂದ ತಿಳಿದುಬರುವಂತೆ, ಇವುಗಳಲ್ಲಿ ಮೊದಲನೆಯದು ನಿಷ್ಕಾರಣವಾದ ಬಂಧನ, ಕ್ಲೇಶಗಳು ಪ್ರಜೆಗೆ ಒದಗದಂತೆ ನಗರದ ನ್ಯಾಯಾಧಿಕಾರಿಗಳನ್ನು ಎಚ್ಚರಿಸುತ್ತದೆ. ಈ ಪ್ರಾಚೀನ ವಿಧಿಗಳಲ್ಲೆಲ್ಲ ಬಿಡುಗಡೆಯುಂಟು, ಕರುಣೆಯುಂಟು. ಬಂದಿಗೆ ಕಲಿಸಬೇಕೆಂಬ ಭಾವನೆ ಕಾಣುವುದಿಲ್ಲ.

ಬಿಡುಗಡೆಯಾದವನ ಮುಂದಿನ ಗತಿಯೇನೆಂಬ ಪ್ರಶ್ನೆಯನ್ನು ಧರ್ಮಶಾಸ್ತ್ರವು ಬೇರೊಂದು ಪ್ರಕರಣದಲ್ಲಿ ಎತ್ತಿದೆ. ಬುದ್ಧಿಪೂರ್ವಕವಾಗಿ ಪಾಪವೆಸಗಿದವನು ಪ್ರಾಯಶ್ಚಿತ್ತದಿಂದ ‘ವ್ಯವಹಾರ್ಯ’ನಾಗುತ್ತಾನೆಂದು ಯಾಜ್ಞವಲ್ಕ್ಯಸ್ಮೃತಿಯ ಮತ. ಎಂದರೆ, ಅವನೊಡನೆ ಜನರು ಮತ್ತೆ ಕೊಟ್ಟುಕೊಳ್ಳಬಹುದು, ಕೂಡಿ ಬಾಳಬಹುದು. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಪ್ರಾಯಶ್ಚಿತ್ತವನ್ನು ಮಾಡಿಕೊಂಡವನನ್ನು ಎಂದಿಗೂ ಹಳಿಯಬಾರದೆಂದು ಮನುವೂ ಹೇಳಿದ್ದಾನೆ. ರಾಜದಂಡವನ್ನನುಭವಿಸಿದವನು ನಿರ್ಮಲನಾಗುವನೆಂಬುದೂ ಅವನ ಮಾತೇ. ಆದರೆ ಇವೇ ಗ್ರಂಥಗಳು ವರ್ಣಭೇದಕ್ಕನುಸಾರವಾಗಿ ದಂಡದ ತಾರತಮ್ಯವನ್ನೂ ವಿಧಿಸಿವೆ. ಶಾಸ್ತ್ರಾಭಿಮಾನದಿಂದ ಆ ದೋಷವನ್ನು ಮುಚ್ಚುವುದು ಯುಕ್ತವಲ್ಲ.

1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದ ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿತು. ಮೆಕಾಲೆಯು ಸದಸ್ಯನಾಗಿದ್ದ ಸೆರೆಮನೆ ಸಮಿತಿಯು 1838ರ ತನ್ನ ವರದಿಯಲ್ಲಿ ನೀತಿಬೋಧೆ, ವಿದ್ಯೆ, ಸನ್ನಡತೆಗೆ ಬಹುಮಾನ ಇವೆಲ್ಲವನ್ನೂ ನಿರಾಕರಿಸಿ, ಬೇಸರವನ್ನುಂಟುಮಾಡುವ ಕಠಿಣ ದುಡಿಮೆಯನ್ನೇ ಪುರಸ್ಕರಿಸಿತು. 1894ರ ಸೆರೆಮನೆಗಳ ಅಧಿನಿಯಮದಲ್ಲಿಯೂ ಶಿಸ್ತು, ಕಾವಲುಗಳಿಗೇ ಪ್ರಾಧಾನ್ಯ. 1919-20ರಲ್ಲಿ ಸರ್ ಅಲೆಕ್ಸಾಂಡರ್ ಕಾರ್ಡ್ಯೂ ಅವರ ಅಧ್ಯಕ್ಷತೆಯ ಸಮಿತಿಯು ಬಂದಿಯನ್ನು ತಿದ್ದಿ ಸಮಾಜಕ್ಕೆ ಮರಳಿಸುವುದೇ ಸೆರೆಮನೆಯ ಗುರಿಯೆಂದು ಸಾರಿದ ಮೇಲೆ ಚಿಂತನೆಯ ದಿಕ್ಕು ಬದಲಾಯಿತು. ಎಂಟು ದಶಕಗಳ ಹಿಂದೆ ತಳ್ಳಿಹಾಕಲ್ಪಟ್ಟಿದ್ದ ವಿದ್ಯೆಯು ಹೀಗೆ ಹಿಂದಿರುಗಿತು.

ಆ ಸಂಧಿಕಾಲದಲ್ಲಿಯೇ ಬಳ್ಳಾರಿಯ ಸೆರೆಮನೆಗಳು ನಾಡಿನಾಚೆಗೂ ಹೆಸರಾದುವು. ಮೊದಲನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿಯ ಯೋಧರನ್ನು ಈ ಊರಿನಲ್ಲಿರಿಸಿದ್ದರು. 1921ರ ಮಲಬಾರಿನ ಬಂಡಾಯದ ತರುವಾಯ ಮಾಪ್ಪಿಳ್ಳೆ ಬಂದಿಗಳು ಬಂದರು. ಅನಂತರ ಅಲ್ಲೀಪುರದ ಸೆರೆಮನೆಗೆ ಸತ್ಯಾಗ್ರಹಿಗಳು ಬಂದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಸತ್ಯಾಗ್ರಹಿಯು ಹೊರಬಂದಾಗ ಜನರು ಹೂಮಾಲೆಯೊಡನೆ ಎದುರುಗೊಂಡರು. ಸ್ವಾತಂತ್ರ್ಯಸಮರದಲ್ಲಿ ಸೆರೆವಾಸವನ್ನನುಭವಿಸಿದ ಟೇಕೂರು ಸುಬ್ರಹ್ಮಣ್ಯಂ ಅವರನ್ನು 1952ರಲ್ಲಿ ಬಳ್ಳಾರಿಯ ಮತದಾರರು ಲೋಕಸಭೆಗೆ ಕಳುಹಿಸಿದರು. ಕಳವು, ಕೊಲೆಗಳಿಗಾಗಿ ಸೆರೆಯನ್ನನುಭವಿಸಿದವನಿಗೆ ಈ ಸ್ವಾಗತವಿಲ್ಲ. ಇಬ್ಬರ ಕೃತ್ಯಗಳೂ ಸಮಾನವೆಂದು ನನ್ನ ವಾದವಲ್ಲ. ಆದರೆ ಬಿಡುಗಡೆಯ ಚೀಟಿಯನ್ನು ಸರಕಾರವು ಕೊಡಬಹುದು, ವ್ಯವಹಾರ್ಯತೆಯನ್ನು ಊರೇ ಕೊಡಬೇಕು ಎಂಬುದು ಇದರಿಂದ ಸಿದ್ಧವಾಗುತ್ತದೆ.

1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ನಾಲ್ಕು ದಶಕಗಳ ಮೇಲೆ, 1990ರ ದಶಕದ ಉತ್ತರಾರ್ಧದಲ್ಲಿ, ರಂಗಾಯಣದ ನಟರಾದ ಹುಲುಗಪ್ಪ ಕಟ್ಟೀಮನಿಯವರು ಬಳ್ಳಾರಿಯ ಕೇಂದ್ರ ಕಾರಾಗೃಹದಲ್ಲಿ ಬಂದಿಗಳಿಗೆ ನಾಟಕವನ್ನು ಕಲಿಸಲು ತೊಡಗಿದರು. ಮುಂದೆ ಮೈಸೂರು ಮೊದಲಾದೆಡೆಗಳಲ್ಲಿಯೂ ಈ ಕಾರ್ಯವು ಹಬ್ಬಿತು. ಗಿರೀಶ ಕಾರ್ನಾಡರ ‘ತಲೆದಂಡ’ವನ್ನೂ, ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕಕ್ಕೆ ಎಚ್. ಎಸ್. ಶಿವಪ್ರಕಾಶರು ಕೊಟ್ಟ ಕನ್ನಡ ರೂಪವಾದ ‘ಮಾರನಾಯಕ’ವನ್ನೂ ಬಂದಿಗಳು ಆಡಿದರು. ರಾಜ್ಯಲೋಭದಿಂದ ಕೊಲೆಗೈದವನ ಮನಸ್ಸಿನ ತಳಮಳವನ್ನು ಸೆರೆಯಲ್ಲಿರುವವರೇ ಅಭಿನಯಿಸಿದರೆಂಬುದು ಸಾಹಿತ್ಯೋಪಾಧ್ಯಾಯರು ಮನನಮಾಡತಕ್ಕ ವಿಷಯ. ಅಕ್ಷರವನ್ನರಿಯದವನೂ ಪಾತ್ರದ ಮಾತನ್ನು ಕಂಠಸ್ಥಮಾಡಿ, ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನರಿತು ನುಡಿಯಬೇಕು. ವೇದಾಂಗದ ಅರ್ಥದಲ್ಲಿಯೇ ಇದು ಶಿಕ್ಷೆ. ಅದಕ್ಕೂ ಹಿರಿದಾದ ಲಾಭವೆಂದರೆ, ಕಾವಲಿನೊಡನೆ ಹೊರಗಣ ರಂಗಮಂದಿರಕ್ಕೆ ಬಂದ ಬಂದಿಯನ್ನು ಸಭಿಕರು ಅಪರಾಧಿಯೆಂದಲ್ಲದೆ ನಟನೆಂದು ನೋಡಿದರು. ವ್ಯವಹಾರ್ಯತೆಯ ಮೊದಲನೆಯ ಮೆಟ್ಟಿಲು ಇದು.

ಸೆರೆಮನೆಯ ದುಡಿಮೆಯ ಸ್ವರೂಪವೂ ಮಾರ್ಪಟ್ಟಿತು. ಕಠಿಣ ಸಜೆಯ ಬಂದಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದೂ, ಅದರಲ್ಲೊಂದು ಭಾಗವನ್ನು ಅಪರಾಧದಿಂದ ನೊಂದವರಿಗಾಗಿ ತೆಗೆದಿರಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ತೀರ್ಮಾನಿಸಿತು. ಈ ಎರಡನೆಯ ಭಾಗವು ಪ್ರಾಯಶ್ಚಿತ್ತದ ತತ್ತ್ವಕ್ಕೆ ಹತ್ತಿರವಾದುದು: ತಪ್ಪು ಮಾಡಿದವನ ಶ್ರಮದಿಂದಲೇ ನೊಂದವನಿಗೆ ಕಿಂಚಿತ್ ಪರಿಹಾರ. 2024ರ ಅಕ್ಟೋಬರ್ 3ರಂದು ಅದೇ ನ್ಯಾಯಾಲಯವು ಸೆರೆಮನೆಯ ಕೆಲಸಗಳನ್ನು ಜಾತಿಗನುಗುಣವಾಗಿ ಹಂಚುವ ನಿಯಮಗಳನ್ನು ಅಸಿಂಧುವೆಂದು ಸಾರಿ, ಬಂದಿಗಳ ದಾಖಲೆಯಲ್ಲಿ ಜಾತಿಯ ಅಂಕಣವನ್ನು ತೆಗೆಯಹೇಳಿತು. ಕಸಗುಡಿಸುವುದನ್ನು ಒಬ್ಬನಿಗೂ ಅಡಿಗೆಯನ್ನು ಇನ್ನೊಬ್ಬನಿಗೂ ಹುಟ್ಟಿನಿಂದಲೇ ಗೊತ್ತುಮಾಡಿದ ಮೇಲೆ ಅಲ್ಲಿ ಹೊಸತನ್ನು ಕಲಿಯುವುದೆಂತು? ಹಳೆಯ ಗ್ರಂಥಗಳ ಯಾವ ದೋಷವನ್ನು ಮೇಲೆ ಹೇಳಿದೆನೋ ಅದರ ಕೊನೆಯ ಬೇರುಗಳಲ್ಲೊಂದು ಹೀಗೆ ಕೀಳಲ್ಪಟ್ಟಿತು.

ಅಪರಾಧವು ಒಂದು ರೋಗವೆಂದೂ, ಸೆರೆಮನೆಯು ಚಿಕಿತ್ಸಾಲಯದಂತಿರಬೇಕೆಂದೂ ಗಾಂಧೀಜಿಯವರ ಅಭಿಪ್ರಾಯವಾಗಿತ್ತು. ರೋಗಿಯು ಗುಣಹೊಂದಿ ಮನೆಗೆ ಬಂದಾಗ ಬಾಗಿಲಿಕ್ಕಿಕೊಳ್ಳುವವರಿಲ್ಲ. ಅವರ ಹೆಸರನ್ನೇ ಹೊತ್ತ ಗಾಂಧಿನಗರವೆಂಬ ಬಡಾವಣೆಯು ಬಳ್ಳಾರಿಯಲ್ಲಿದೆ. ಅವಧಿ ತೀರಿಸಿ ಬಂದವನೊಬ್ಬನು ಅಂತಹ ಬೀದಿಯಲ್ಲಿ ಬಾಡಿಗೆಗೆ ಕೋಣೆಯನ್ನೂ ಅಂಗಡಿಯಲ್ಲಿ ಕೆಲಸವನ್ನೂ ಕೇಳಿದಾಗ ದೊರೆಯುವ ಉತ್ತರವೇ ಸೆರೆಮನೆಯ ಸಮಸ್ತ ಶಿಕ್ಷಣದ ಪರೀಕ್ಷೆ. ಆ ಪರೀಕ್ಷೆ ಅವನೊಬ್ಬನದಲ್ಲ, ನಮ್ಮದೂ ಹೌದು. ಶಿಕ್ಷೆಯು ಶಿಕ್ಷಣವಾಗುವ ಕೆಲಸ ಗೋಡೆಯೊಳಗೆ ಮೊದಲಾಗಿದೆ; ಅದು ಪೂರ್ಣವಾಗಬೇಕಾದುದು ಗೋಡೆಯ ಹೊರಗೆ. ವಿಜ್ಞಾನೇಶ್ವರನ ನಾಡಿನವರಿಗೆ ‘ವ್ಯವಹಾರ್ಯ’ವೆಂಬ ಶಬ್ದವು ಕೋಶದಲ್ಲಿ ಮಾತ್ರ ಉಳಿಯದೆ ಆಚರಣೆಗೆ ಬರಲೆಂದು ವಿದ್ವಜ್ಜನರಲ್ಲಿ ನನ್ನ ವಿಜ್ಞಾಪನೆ.