ಕಿವಿಗೆ ಕೈ ಎಟುಕಿದ ಮೇಲೆ

ನನ್ನನ್ನು ಶಾಲೆಗೆ ಸೇರಿಸಲೆಂದು ತಂದೆಯವರು ಕರೆದುಕೊಂಡು ಹೋದ ದಿನ ಮೇಷ್ಟರು ನನ್ನ ವಯಸ್ಸನ್ನು ಕೇಳಲಿಲ್ಲ. "ಎಲ್ಲಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ನೋಡೋಣ" ಎಂದರು. ಎಷ್ಟು ಹೆಣಗಿದರೂ ಬೆರಳು ಕಿವಿಗೆ ಎಟುಕಲಿಲ್ಲ. "ಮುಂದಿನ ವರ್ಷ ಕರಕೊಂಡು ಬನ್ನಿ ಸ್ವಾಮಿ" ಎಂದು ನಮ್ಮನ್ನು ಹಿಂದಕ್ಕೆ ಕಳುಹಿಸಿದರು. ಆ ಒಂದು ವರ್ಷ ಮನೆಯ ಜಗಲಿಯಲ್ಲಿ ಅಜ್ಜಿಯ ಮುಂದೆ ಕುಳಿತು ಮರಳಿನ ಮೇಲೆ ಅಕ್ಷರ ತಿದ್ದಿದೆ, ಮಗ್ಗಿ ಒಪ್ಪಿಸಿದೆ. ಮರುವರ್ಷ ಕೈ ಎಟುಕಿತು. ಮೇಷ್ಟರು ದಾಖಲೆಯ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಕೊಂಡರು. ಅಂದಿನಿಂದ ಸರ್ಕಾರದ ಲೆಕ್ಕದಲ್ಲಿ ನಾನು ಹುಟ್ಟಿದ್ದು ಅಂದೇ. ನನ್ನ ಓರಗೆಯ ಎಷ್ಟೋ ಮಂದಿಯ ಜನ್ಮದಿನವೂ ಅದೇ ಎಂಬುದನ್ನು ವಾಚಕರು ಬಲ್ಲರು.

ಈ ಹಳೆಯ ಕಥೆ ನೆನಪಾದುದು ಕೆಲವು ವರ್ಷಗಳ ಹಿಂದೆ, ಕ್ಯಾಲಿಫೋರ್ನಿಯದಲ್ಲಿ. ಮಗಳ ಮನೆಗೆ ಹೋಗಿದ್ದೆ. ಮೊಮ್ಮಗಳಿಗೆ ಆಗ ಹದಿನೈದು ವರ್ಷ. ಶಾಲೆಗೆ ಹೋಗುತ್ತಿರಲಿಲ್ಲ, ಮನೆಯಲ್ಲಿಯೇ ಓದುತ್ತಿದ್ದಳು. ಆದರೆ ವಾರಕ್ಕೆ ಎರಡು ಸಂಜೆ ಊರಿನ ಸಮುದಾಯ ಕಾಲೇಜಿಗೆ ಹೋಗಿ ಕ್ಯಾಲ್ಕುಲಸ್ ಪಾಠ ಕೇಳುತ್ತಿದ್ದಳು. ಶಾಲೆಗೆ ಹೋಗದ ಹುಡುಗಿ ಕಾಲೇಜಿಗೆ ಹೋಗುವುದೆಂದರೇನು? ಮೇಜಿನ ಮೇಲಿದ್ದ ಅರ್ಜಿಯನ್ನು ತಿರುವಿ ನೋಡಿದೆ. ತಂದೆತಾಯಿಗಳ ಸಹಿಯ ಜೊತೆಗೆ ಶಾಲೆಯ ಪ್ರಿನ್ಸಿಪಾಲರ ಸಹಿಯೂ ಬೇಕೆಂದಿತ್ತು.

"ಈ ಪ್ರಿನ್ಸಿಪಾಲರು ಯಾರಮ್ಮ?" ಎಂದೆ.

"ನಾನೇ ಅಪ್ಪ" ಎಂದು ಮಗಳು ನಕ್ಕಳು.

ಆ ರಾಜ್ಯದಲ್ಲಿ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳುವ ಅನೇಕರು ಪ್ರತಿ ವರ್ಷ ಅಕ್ಟೋಬರಿನಲ್ಲಿ ಸರ್ಕಾರಕ್ಕೆ ಒಂದು ಪ್ರಮಾಣಪತ್ರ ಸಲ್ಲಿಸಿ, ತಮ್ಮ ಮನೆಯನ್ನೇ ಖಾಸಗಿ ಶಾಲೆಯೆಂದು ದಾಖಲು ಮಾಡಿಸುತ್ತಾರೆ. ವಿದ್ಯಾರ್ಥಿ ಒಬ್ಬಳೇ, ಅಧ್ಯಾಪಕಿ ಒಬ್ಬಳೇ, ಪ್ರಿನ್ಸಿಪಾಲಳೂ ಅವಳೇ! ನನಗೂ ನಗು ಬಂದಿತು. ಆದರೆ ಆ ಒಂದು ಸಹಿಯ ಹಿಂದೆ ನೂರೈವತ್ತು ವರ್ಷಗಳ ಹೋರಾಟವಿದೆ ಎಂಬುದು, ಊರಿನ ಪುಸ್ತಕ ಭಂಡಾರದಲ್ಲಿ ಕೆಲವು ಮಧ್ಯಾಹ್ನಗಳನ್ನು ಕಳೆದ ಮೇಲೆ ನನಗೆ ತಿಳಿಯಿತು.

ಅಮೆರಿಕದಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕೆಂಬ ಕಾನೂನನ್ನು ಮೊದಲು ಮಾಡಿದುದು ಮ್ಯಾಸಚೂಸೆಟ್ಸ್ ರಾಜ್ಯ, 1852ರಲ್ಲಿ. ಎಂಟರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳು ವರ್ಷಕ್ಕೆ ಹನ್ನೆರಡು ವಾರ ಶಾಲೆಯಲ್ಲಿರಬೇಕೆಂಬುದು ಅದರ ವಿಧಿ. 1918ರಲ್ಲಿ ಮಿಸಿಸಿಪ್ಪಿಯೂ ಒಪ್ಪಿಕೊಳ್ಳುವುದರೊಡನೆ ಕಾನೂನು ಇಡೀ ದೇಶವನ್ನು ಆವರಿಸಿತು. ಕಾರ್ಖಾನೆಯ ಬಾಯಿಂದ ಮಕ್ಕಳನ್ನು ಬಿಡಿಸಿಕೊಂಡ ಕೀರ್ತಿಯಲ್ಲಿ ಅದಕ್ಕೂ ಪಾಲುಂಟು. ಆದರೆ ಮಗು ಯಾರದು, ತಂದೆತಾಯಿಗಳದೋ ಸರ್ಕಾರದ್ದೋ ಎಂಬ ಪ್ರಶ್ನೆಯೂ ಅಲ್ಲಿಯೇ ಹುಟ್ಟಿತು. ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕೆಂದು ಆರೆಗಾನ್ ರಾಜ್ಯ 1922ರಲ್ಲಿ ಹಟ ಹಿಡಿದಾಗ, 1925ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ತಳ್ಳಿಹಾಕಿತು. 1972ರಲ್ಲಿ ಆಮಿಷ್ ಪಂಥದ ರೈತರು ಎಂಟನೆಯ ತರಗತಿಯ ಆಚೆಗೆ ಮಕ್ಕಳನ್ನು ಕಳುಹಿಸೆವು ಎಂದಾಗಲೂ ಅದೇ ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು.

ಇವೆರಡೂ ಧರ್ಮದ ಹಾಗೂ ಖಾಸಗಿ ಶಾಲೆಗಳ ಜಗಳಗಳು. ಮನೆಪಾಠಕ್ಕೆ ಬೇರೊಂದು ದಿಕ್ಕಿನಿಂದ ಬೆಂಬಲ ಬಂದಿತು. ಜಾನ್ ಹೋಲ್ಟ್ ಎಂಬ ಉಪಾಧ್ಯಾಯರು ತರಗತಿಯಲ್ಲಿ ಕುಳಿತು ಮಕ್ಕಳನ್ನು ಗಮನಿಸಿ, ಅವರು ಕಲಿಯುತ್ತಿರುವುದು ಪಾಠವನ್ನಲ್ಲ, ತಪ್ಪಿಗೆ ಹೆದರುವುದನ್ನು ಎಂಬ ನಿರ್ಣಯಕ್ಕೆ ಬಂದು, 1964ರಲ್ಲಿ 'ಹೌ ಚಿಲ್ಡ್ರನ್ ಫೇಲ್' ಎಂಬ ಪುಸ್ತಕ ಬರೆದರು. ಶಾಲೆಯನ್ನು ತಿದ್ದಬಹುದೆಂಬ ಆಸೆ ಅವರಿಗೆ ಕ್ರಮೇಣ ಬತ್ತಿತು. 1977ರಲ್ಲಿ ಬಾಸ್ಟನ್ನಿನಿಂದ, ಶಾಲೆಯಿಲ್ಲದೆ ಬೆಳೆಯುವ ಮಕ್ಕಳಿಗಾಗಿಯೇ ಒಂದು ಪುಟ್ಟ ಪತ್ರಿಕೆಯನ್ನು ಹೊರಡಿಸಿದರು. ಒಂದು ಕಡೆ ಇಂಥ ಸ್ವತಂತ್ರ ಚಿಂತಕರು, ಇನ್ನೊಂದು ಕಡೆ ಕಟ್ಟಾ ಕ್ರೈಸ್ತ ಕುಟುಂಬಗಳು: ಬೇರಾವ ವಿಷಯದಲ್ಲಿಯೂ ಒಂದಾಗದ ಇವರು ಇದೊಂದರಲ್ಲಿ ಒಂದಾದರು. ಕೆಲವರು ನ್ಯಾಯಾಲಯದ ಕಟ್ಟೆ ಹತ್ತಿದರು. ಕೆಲವರು ಹಗಲು ಹೊತ್ತಿನಲ್ಲಿ ಮಕ್ಕಳನ್ನು ಬೀದಿಗೆ ಬಿಡಲು ಹೆದರಿ ಬಾಗಿಲು ಹಾಕಿಕೊಂಡರು. 1993ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲಿಯೂ ಮನೆಪಾಠ ನ್ಯಾಯಸಮ್ಮತವಾಯಿತು. 1999ರಲ್ಲಿ ಹೀಗೆ ಓದುವವರು ಸುಮಾರು 8 ಲಕ್ಷ 50 ಸಾವಿರ. 2012ಕ್ಕೆ ಸುಮಾರು 18 ಲಕ್ಷ.

ಆದರೂ ನೆಲ ಗಟ್ಟಿಯಾಗಿರಲಿಲ್ಲ. 2008ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಒಂದು ಮೇಲ್ಮನವಿ ನ್ಯಾಯಾಲಯ, ಮನೆಯಲ್ಲಿ ಪಾಠ ಹೇಳಲು ಸರ್ಕಾರದ ಉಪಾಧ್ಯಾಯ ಪ್ರಮಾಣಪತ್ರವಿರಬೇಕೆಂದು ತೀರ್ಪಿತ್ತಿತು. ಸಾವಿರಾರು ತಾಯಂದಿರು ಒಂದೇ ದಿನದಲ್ಲಿ ಅಪರಾಧಿಗಳಾಗುವ ಹಾಗಾಯಿತು. ಮರುವಿಚಾರಣೆ ನಡೆದು, ಆಗಸ್ಟಿನಲ್ಲಿ ಅದೇ ನ್ಯಾಯಾಲಯ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಮಗಳ ಸಹಿಗೆ ಬೆಲೆ ಉಳಿದುದು ಹೀಗೆ.

ಇನ್ನು ಕಾಲೇಜಿನ ಕಥೆ. ಅದರ ಮೂಲ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರು. ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಅವರೂ, ಜೋಲಿಯೆಟ್ಟಿನ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ಸ್ಟ್ಯಾನ್ಲಿ ಬ್ರೌನ್ ಅವರೂ ಕೂಡಿ, ಹೈಸ್ಕೂಲಿನಲ್ಲಿಯೇ ಕಾಲೇಜಿನ ಮೊದಲ ಎರಡು ವರ್ಷಗಳ ಪಾಠವನ್ನು 1901ರಲ್ಲಿ ಆರಂಭಿಸಿದರು. ಮೊದಲ ವಿದ್ಯಾರ್ಥಿಗಳು ಆರೇ ಮಂದಿ. ಮನೆ ಬಿಟ್ಟು ದೂರದ ಊರಿಗೆ ಹೋಗಲು ಹಣವಿಲ್ಲದವರಿಗೆ ಇದು ಊರಬಾವಿಯಂತಾಯಿತು. ಕ್ಯಾಲಿಫೋರ್ನಿಯ 1907ರಲ್ಲಿ ಇದಕ್ಕೆ ಕಾನೂನು ಮಾಡಿತು. ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗದ 1947ರ ವರದಿಯಿಂದ 'ಸಮುದಾಯ ಕಾಲೇಜು' ಎಂಬ ಹೆಸರು ದೇಶದಲ್ಲೆಲ್ಲ ಹರಡಿತು. 1984ರವರೆಗೆ ಕ್ಯಾಲಿಫೋರ್ನಿಯದ ಇಂಥ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಬೋಧನಾ ಶುಲ್ಕವೇ ಇರಲಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಹೈಸ್ಕೂಲಿನ ಹೊಟ್ಟೆಯಲ್ಲಿ ಹುಟ್ಟಿದ ಈ ಕಾಲೇಜು ಬೆಳೆದು ಬೇರೆ ಮನೆ ಮಾಡಿದ ಮೇಲೂ ಹೈಸ್ಕೂಲಿನ ಮಕ್ಕಳು ಅದರ ಬಾಗಿಲು ತಟ್ಟುವುದು ನಿಲ್ಲಲಿಲ್ಲ. ಪಾಸಡೀನ ನಗರ 1928ರಲ್ಲಿ ಹೈಸ್ಕೂಲಿನ ಕೊನೆಯ ಎರಡು ವರ್ಷಗಳನ್ನೂ ಕಾಲೇಜಿನ ಮೊದಲ ಎರಡು ವರ್ಷಗಳನ್ನೂ ಒಂದೇ ಸೂರಿನಡಿ ತಂದಿತು. ನ್ಯೂಯಾರ್ಕಿನ ಲಗಾರ್ಡಿಯ ಸಮುದಾಯ ಕಾಲೇಜು 1974ರಲ್ಲಿ, ಜಾಣ ಮಕ್ಕಳಿಗಲ್ಲ, ಶಾಲೆ ಬಿಟ್ಟುಹೋಗುವ ಭಯವಿದ್ದ ಮಕ್ಕಳಿಗೆ ತನ್ನ ಆವರಣದಲ್ಲಿಯೇ ಹೈಸ್ಕೂಲು ತೆರೆಯಿತು. ದೊಡ್ಡವರ ನಡುವೆ ಕೂರಿಸಿದರೆ ಹುಡುಗರು ದೊಡ್ಡವರಂತೆಯೇ ನಡೆದುಕೊಳ್ಳುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. 1985ರಲ್ಲಿ ಮಿನಿಸೋಟ, 1990ರಲ್ಲಿ ವಾಷಿಂಗ್ಟನ್ ರಾಜ್ಯ, ಹೈಸ್ಕೂಲಿನ ಕೊನೆಯ ಎರಡು ವರ್ಷದವರು ಬೋಧನಾ ಶುಲ್ಕವಿಲ್ಲದೆ ಕಾಲೇಜಿನಲ್ಲಿ ಓದಬಹುದೆಂದು ಕಾನೂನು ಮಾಡಿದವು. ಮನೆಯಲ್ಲಿ ಓದುವವರಿಗೂ ಆ ಬಾಗಿಲು ತೆರೆಯಿತು. ಸರ್ಕಾರದ ಶಾಲೆ ಬೇಡವೆಂದು ಮನೆಯ ಕದವಿಕ್ಕಿಕೊಂಡವರ ಮಕ್ಕಳು, ಎಲ್ಲರಿಗಾಗಿ ಕದ ತೆರೆದಿಟ್ಟ ಸರ್ಕಾರದ ಕಾಲೇಜಿಗೇ ಬಂದು ಸೇರಿದರು! ಎರಡು ಕಥೆಗಳನ್ನು ಆರಂಭಿಸಿದವರಲ್ಲಿ ಯಾರೊಬ್ಬರೂ ಇದನ್ನು ಊಹಿಸಿರಲಾರರು.

ಲಾಭ ಸುಲಭವಾಗಿ ಕಾಣುತ್ತದೆ. ಅಮ್ಮನಿಗೆ ಗೊತ್ತಿಲ್ಲದ ಗಣಿತಕ್ಕೆ ಅಧ್ಯಾಪಕರು ಸಿಗುತ್ತಾರೆ; ಅಡಿಗೆಮನೆಯಲ್ಲಿ ಮಾಡಲಾಗದ ರಸಾಯನ ಪ್ರಯೋಗಕ್ಕೆ ಪ್ರಯೋಗಶಾಲೆ ಸಿಗುತ್ತದೆ; ಅಮ್ಮ ಕೊಟ್ಟ ಅಂಕವನ್ನು ನಂಬದ ವಿಶ್ವವಿದ್ಯಾನಿಲಯಕ್ಕೆ ತೋರಿಸಲು ಹೊರಗಿನವರು ಕೊಟ್ಟ ಅಂಕವಿರುತ್ತದೆ. ಆದರೆ ಅದೇ ಅಂಕ ಕೆಟ್ಟರೆ, ಹದಿನೈದನೆಯ ವಯಸ್ಸಿನ ಒಂದು ಎಡವು ಕಾಲೇಜಿನ ದಾಖಲೆಯಲ್ಲಿ ಉಳಿದು ಹಿಂದೆಯೇ ಬರುತ್ತದೆ. ಜಾಗಕ್ಕೂ ಮಿತಿಯುಂಟು. ಹಗಲೆಲ್ಲ ದುಡಿದು ಸಂಜೆ ಓದಲು ಬರುವವರನ್ನು ಚಿಕ್ಕವರು ನೂಕಬಾರದೆಂದು ಕ್ಯಾಲಿಫೋರ್ನಿಯದ ಕಾನೂನು ಇವರನ್ನು ಸರತಿಯ ಕೊನೆಯಲ್ಲಿ ನಿಲ್ಲಿಸುತ್ತದೆ. ಅದು ನ್ಯಾಯವೇ. ನನ್ನ ಮೊಮ್ಮಗಳೂ ಮೊದಲ ದಿನ ಗೋಡೆಗೆ ಒರಗಿ ನಿಂತಿದ್ದು, ಇಬ್ಬರು ಬಾರದೆ ಹೋದುದರಿಂದ ಜಾಗ ಪಡೆದಳಂತೆ. ಅವಳ ಒಂದು ಪಕ್ಕದಲ್ಲಿ ಆಸ್ಪತ್ರೆಯ ದಾದಿ, ಇನ್ನೊಂದು ಪಕ್ಕದಲ್ಲಿ ಸೈನ್ಯದಿಂದ ಮರಳಿದವನೊಬ್ಬ.

ನಾನು ಊರಿಗೆ ಹೊರಡುವ ಮುನ್ನ ಒಂದು ಪರೀಕ್ಷೆ ಮುಗಿದಿತ್ತು. ಅಂಕ ಎಷ್ಟು ಬಂದಿದೆ ಎಂದು ಮಗಳು ಕಚೇರಿಯಲ್ಲಿ ವಿಚಾರಿಸಿದಳು. ಗುಮಾಸ್ತೆ ವಿನಯದಿಂದಲೇ, "ಅದನ್ನು ವಿದ್ಯಾರ್ಥಿನಿಗೆ ಮಾತ್ರ ಹೇಳಬಹುದು" ಎಂದಳು. 1974ರ ಒಂದು ಕಾನೂನಿನಂತೆ, ಕಾಲೇಜಿಗೆ ಕಾಲಿಟ್ಟವರ ಅಲ್ಲಿನ ದಾಖಲೆಯ ಹಕ್ಕು, ವಯಸ್ಸು ಎಷ್ಟೇ ಇರಲಿ, ಅವರದೇ. ಒಂಬತ್ತು ವರ್ಷ ಅಕ್ಷರ ಅಕ್ಷರವಾಗಿ ಕಲಿಸಿದ ತಾಯಿ, ತಾನೇ ಪ್ರಿನ್ಸಿಪಾಲಳಾಗಿ ಸಹಿ ಹಾಕಿದ ತಾಯಿ, ಕಿಟಕಿಯ ಹೊರಗೆ ನಿಂತಳು.

ಬರುವಾಗ ಕಾರಿನಲ್ಲಿ ಅವಳು ಮಾತಾಡಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಮೊಮ್ಮಗಳು, "ಅಮ್ಮ, ಎಪ್ಪತ್ತೊಂದು ಬಂದಿದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ" ಎಂದಳು.

ಮಗು ತಂದೆತಾಯಿಗಳದೋ ಸರ್ಕಾರದ್ದೋ ಎಂದು ನೂರೈವತ್ತು ವರ್ಷ ವಾದ ಮಾಡಿದವರಿಗೆ ಹೊಳೆಯದ ಮೂರನೆಯ ಉತ್ತರವೊಂದು ಹಿಂದಿನ ಸೀಟಿನಲ್ಲಿ ಕುಳಿತಿತ್ತು. ನನ್ನ ಕೈ ತಾನಾಗಿಯೇ ತಲೆಯ ಮೇಲಿಂದ ಹೋಗಿ ಎಡಗಿವಿಯನ್ನು ಮುಟ್ಟಿ ನೋಡಿಕೊಂಡಿತು.

"ಏನು ತಾತ, ಕಿವಿ ನೋವಾ?" ಎಂದಳು ಮೊಮ್ಮಗಳು.

"ಇಲ್ಲಮ್ಮ, ಎಟುಕುತ್ತದೆಯೋ ಇಲ್ಲವೋ ನೋಡಿದೆ" ಎಂದೆ.