ದೂರದ ಅಂಗಡಿ, ಹತ್ತಿರದ ದೂರು

ಭಾರತದ ಅಂಚೆ ಇಲಾಖೆ 1877ರಲ್ಲಿ ವಿ.ಪಿ. ಪದ್ಧತಿ ತಂದ ಮೇಲೆ, ಮುಖವನ್ನೇ ನೋಡದ ವ್ಯಾಪಾರಿಯಿಂದ ಸಾಮಾನು ತರಿಸಿಕೊಳ್ಳುವುದು ಹಳ್ಳಿಯವರಿಗೂ ಸುಲಭವಾಯಿತು. ಪೊಟ್ಟಣ ಊರಿನ ಅಂಚೆ ಕಚೇರಿಗೆ ಬರುತ್ತಿತ್ತು, ಹಣ ಕಟ್ಟಿದರೆ ಕೈಗೆ ಸಿಗುತ್ತಿತ್ತು. ತೊಡಕೂ ಅಲ್ಲೇ ಇತ್ತು. ಒಳಗಿರುವುದು ಪುಸ್ತಕವೋ ರದ್ದಿ ಕಾಗದವೋ ತಿಳಿಯುತ್ತಿದ್ದದ್ದು ಹಣ ಕಟ್ಟಿ ಬಿಚ್ಚಿದ ಮೇಲೆ.

ಸರ್ಕಾರಕ್ಕೆ ಇದು ಗೊತ್ತಿತ್ತು. 1898ರ ಅಂಚೆ ಕಾಯಿದೆಯು ವಿ.ಪಿ.ಗೆ ನಿಯಮ ಮಾಡುವ ಅಧಿಕಾರ ಕೊಟ್ಟಿತು: ನಿಜವಾಗಿ ಬಂದ ಆರ್ಡರಿಗೇ ಈ ಮಾಲು ಕಳಿಸುತ್ತಿದ್ದೇನೆ ಎಂದು ವ್ಯಾಪಾರಿ ಬರೆದುಕೊಡಬೇಕು. ಮೋಸವಾದರೆ ವಸೂಲಾದ ಹಣವನ್ನು ತಡೆಹಿಡಿದು ಕೊಂಡವರಿಗೆ ಮರಳಿಸಲೂ ಕಾಯಿದೆಯಲ್ಲಿ ಎಡೆಯಿತ್ತು. ಅಂದರೆ ಕಳ್ಳನನ್ನು ಹಿಡಿಯುವುದು ಆಮೇಲಿನ ಮಾತು, ಮೊದಲು ದಾರಿಯಲ್ಲಿರುವ ಹಣ ನಿಲ್ಲಲಿ ಎಂಬ ಲೆಕ್ಕಾಚಾರ.

ಗ್ರಾಹಕರಿಗೆಂದೇ ನ್ಯಾಯದ ಏರ್ಪಾಡು ಬಂದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಿಂದ. ದೊಡ್ಡ ಹೆಜ್ಜೆಯೇ. ಆದರೆ ಎದುರುಪಕ್ಷ ಇರುವಲ್ಲಿ, ವ್ಯವಹಾರ ನಡೆಸುವಲ್ಲಿ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. ಆನ್‌ಲೈನ್ ಖರೀದಿ ಬಂದಾಗ ಕಾರಣ ಹುಟ್ಟಿದ್ದು ಎಲ್ಲಿ ಎಂಬುದೇ ಒಂದು ವಾದವಾಯಿತು. ಪುಣೆಯಲ್ಲಿ ಕೂತು ಏಳುನೂರು ರೂಪಾಯಿಯ ಸೀರೆ ತರಿಸಿ ಹರಕು ಬಟ್ಟೆ ಪಡೆದವರು ಈ ವಾದಕ್ಕೆ ವಕೀಲರನ್ನು ಹಿಡಿಯುತ್ತಾರೆಯೇ? ಬಾಯಿ ಮುಚ್ಚಿಕೊಳ್ಳುತ್ತಾರೆ. ಮೋಸಗಾರನ ಬಂಡವಾಳವೇ ಅದು.

'ದೂರ' ಸಂಸ್ಕೃತದ್ದು. 'ದೂರು' ದ್ರಾವಿಡದ್ದು, ಹಳಗನ್ನಡದಲ್ಲಿ ಶಕಟರೇಫ ಹಾಕಿ 'ದೂಱು' ಎಂದು ಬರೆಯುತ್ತಿದ್ದರು. ಎರಡಕ್ಕೂ ನಂಟಿಲ್ಲ. ಕಾನೂನು ಮಾತ್ರ ಬಹುಕಾಲ ನಂಟು ಕಟ್ಟಿಟ್ಟಿತ್ತು.

ಅದನ್ನು ಬಿಡಿಸಿದ್ದು 2020ರ ಜುಲೈ 20ರಿಂದ ಜಾರಿಯಾದ 2019ರ ಕಾಯಿದೆ. ದೂರುದಾರರು ವಾಸಿಸುವ ಇಲ್ಲವೇ ದುಡಿಯುವ ಊರಿನ ಆಯೋಗದಲ್ಲೇ ಈಗ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಅದೇ ತಿಂಗಳು ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಇದೆಲ್ಲ ವಿಳಾಸವುಳ್ಳ ವ್ಯಾಪಾರಿಯ ಮಾತು. ಅಂಗಡಿಯೇ ಸುಳ್ಳಾದರೆ ಆಯೋಗ ನೋಟಿಸು ಕಳಿಸುವುದು ಯಾರಿಗೆ? ಅಂಥ ವಂಚನೆಗೆ 1930 ಸಹಾಯವಾಣಿ ಇದೆ. 2021ರಲ್ಲಿ ಶುರುವಾದಾಗ ಅದರ ಸಂಖ್ಯೆ 155260. ದೂರು ಬಂದ ಕೂಡಲೇ ವಹಿವಾಟಿನ ವಿವರ ಬ್ಯಾಂಕಿಗೆ ಹೋಗುತ್ತದೆ; ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯುತ್ತಾರೆ, ಮುಂದಿನ ಖಾತೆಗೆ ದಾಟಿದ್ದರೆ ಅಲ್ಲಿಗೆ ಬೆನ್ನುಹತ್ತುತ್ತಾರೆ. ವಿ.ಪಿ. ಕಾಲದ ಉಪಾಯವೇ ಇದು. ಆಗ ಹಣ ಮನಿಆರ್ಡರಿನ ನಿಧಾನದಲ್ಲಿ ಸಾಗುತ್ತಿತ್ತು, ಈಗ ನಿಮಿಷಗಳಲ್ಲಿ ನಾಲ್ಕು ಖಾತೆ ದಾಟುತ್ತದೆ. ಹಾಗಾಗಿ ನಾಚಿಕೆಪಟ್ಟುಕೊಂಡು ಒಂದು ರಾತ್ರಿ ಸುಮ್ಮನಿದ್ದವರಿಗೆ ಉಳಿಯುವುದು ಎಫ್‌ಐಆರ್ ದಾರಿ. ಅದಕ್ಕೂ 2024ರ ಜುಲೈ 1ರಿಂದ ಠಾಣೆಯ ಗಡಿ ಅಡ್ಡ ಬರುವಂತಿಲ್ಲ. ಮಾಹಿತಿಯನ್ನು ಮನೆಯಿಂದಲೇ ವಿದ್ಯುನ್ಮಾನವಾಗಿ ಕಳಿಸಿ, ಮೂರು ದಿನದೊಳಗೆ ಸಹಿ ಹಾಕಿದರಾಯಿತು.