ಸ್ವತಂತ್ರ ಸಂಗೀತ ನಿರ್ಮಾಪಕ ಮತ್ತು ಮಿಕ್ಸಿಂಗ್ ಎಂಜಿನಿಯರ್

ಯಾವ ಸ್ಟುಡಿಯೊದ ಸಂಬಳಕ್ಕೂ ಸೇರದೆ, ಹಾಡಿಗಿಷ್ಟು ಅಥವಾ ಆಲ್ಬಮ್ಮಿಗಿಷ್ಟು ಎಂದು ಮಾತಾಡಿಕೊಂಡು ಸಂಗೀತದ ಧ್ವನಿಮುದ್ರಣವನ್ನು ರೂಪಿಸಿಕೊಡುವ ಕಸುಬುದಾರ. ಈ ಕಸುಬಿನಲ್ಲಿ ಎರಡು ಕೆಲಸಗಳಿವೆ. ಹಾಡಿನ ಶ್ರುತಿ, ಗತಿ, ವಾದ್ಯಗಳ ಆಯ್ಕೆ, ಗಾಯಕರ ಯಾವ ಟೇಕ್ ಉಳಿಯಬೇಕು ಎಂಬುದನ್ನೆಲ್ಲ ತೀರ್ಮಾನಿಸಿ ಹಾಡು ಕಟ್ಟಿಸುವವನು ನಿರ್ಮಾಪಕ. ಹಾಗೆ ಮುದ್ರಣಗೊಂಡ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸಿ ಎರಡು ಸ್ಪೀಕರಿನಲ್ಲಿ ಕೇಳುವ ಹಾಡಾಗಿ ಇಳಿಸುವವನು ಮಿಕ್ಸಿಂಗ್ ಎಂಜಿನಿಯರ್. ಸಣ್ಣ ಬಜೆಟ್ಟಿನ ಕೆಲಸಗಳಲ್ಲಿ ಎರಡನ್ನೂ ಒಬ್ಬರೇ ಮಾಡುತ್ತಾರೆ.

ಕನ್ನಡದಲ್ಲಿ 'ನಿರ್ಮಾಪಕ' ಎಂದೊಡನೆ ಚಿತ್ರಕ್ಕೆ ದುಡ್ಡು ಹಾಕಿದವರೇ ನೆನಪಾಗುತ್ತಾರೆ. ಸಂಗೀತದಲ್ಲಿ ಪ್ರೊಡ್ಯೂಸರ್ ಎಂದರೆ ಆ ಅರ್ಥವಲ್ಲ. ನಮ್ಮ ಚಿತ್ರರಂಗದಲ್ಲಿ ಆತನ ಪಾಲಿನ ಕೆಲಸ ಸಂಗೀತ ನಿರ್ದೇಶಕ, ಅರೇಂಜರ್ ಮತ್ತು ಪ್ರೋಗ್ರಾಮರ್ ನಡುವೆ ಹಂಚಿಹೋಗಿದೆ. ರಾಗ ಹಾಕಿದವರು ಒಬ್ಬರು, ಕೀಬೋರ್ಡಿನ ಮುಂದೆ ಕೂತು ಅದಕ್ಕೆ ಮೈಕಟ್ಟು ಕೊಟ್ಟವರು ಇನ್ನೊಬ್ಬರು. ಪ್ರೋಗ್ರಾಮರ್ ಎಂಬ ಒಣ ಪದದ ಹಿಂದೆ ಎಷ್ಟೋ ಹಾಡುಗಳ ಚೆಲುವು ಅಡಗಿದೆ ಎಂಬುದು ಸಿನಿಮಾ ಸಂಗೀತವನ್ನು ಪ್ರೀತಿಸುವವರು ತಿಳಿದಿರಬೇಕಾದ ಸಂಗತಿ.

ಮೊದಲು ಈ ಕಸುಬು ಹೆಚ್ಚಾಗಿ ನೌಕರಿಯೇ ಆಗಿತ್ತು. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊ ಆಗ ಇಎಂಐ ಎಂಬ ರೆಕಾರ್ಡ್ ಕಂಪನಿಯದಾಗಿತ್ತು. ಅಲ್ಲಿ ಧ್ವನಿ ಬೆರೆಸುವವರ ಹುದ್ದೆಯ ಹೆಸರು 'ಬ್ಯಾಲೆನ್ಸ್ ಎಂಜಿನಿಯರ್'. ಬೀಟಲ್ಸ್ ತಂಡದ ಮೊದಲ ವರ್ಷಗಳ ಹಾಡುಗಳಿಗೆ ಆ ಕೆಲಸ ಮಾಡಿದ ನಾರ್ಮನ್ ಸ್ಮಿತ್, ನಿರ್ಮಾಪಕ ಜಾರ್ಜ್ ಮಾರ್ಟಿನ್ ಇಬ್ಬರೂ ಸಂಬಳಗಾರರು. 1963ರಲ್ಲಿ ಮಾರ್ಟಿನ್ ನಿರ್ಮಿಸಿದ ಹಾಡುಗಳು ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಒಟ್ಟು 37 ವಾರ ಮೊದಲ ಸ್ಥಾನದಲ್ಲಿದ್ದವು. ಮಾರಾಟದಲ್ಲಿ ಅವರಿಗೆ ಬಿಡಿಗಾಸಿನ ಪಾಲೂ ಇರಲಿಲ್ಲ. 1965ರಲ್ಲಿ ಅವರು ಇಎಂಐ ಬಿಟ್ಟು, ಜಾನ್ ಬರ್ಜೆಸ್, ರಾನ್ ರಿಚರ್ಡ್ಸ್, ಪೀಟರ್ ಸಲಿವನ್ ಜೊತೆಗೂಡಿ 'ಏರ್' ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಅದೇ ಬೀಟಲ್ಸ್, ಅದೇ ಸ್ಟುಡಿಯೊ. ಆದರೆ ಅಲ್ಲಿಂದ ಮುಂದೆ ಮಾರ್ಟಿನ್ ಹೊರಗಿನಿಂದ ಬಂದು ಕೆಲಸ ಮಾಡಿ ಹೋಗುವವರಾದರು. ಸ್ವತಂತ್ರ ನಿರ್ಮಾಪಕ ಎಂಬ ಸ್ಥಾನಕ್ಕೆ ಘನತೆ ಬಂದದ್ದರಲ್ಲಿ ಈ ಹೆಜ್ಜೆಯ ಪಾಲು ದೊಡ್ಡದು.

ಅದಕ್ಕೂ ಮೊದಲೇ ಈ ದಾರಿ ಹಿಡಿದಿದ್ದವರು ಜೋ ಮೀಕ್. ಲಂಡನ್ನಿನ ಹಾಲೊವೇ ರಸ್ತೆಯಲ್ಲಿ, ಚರ್ಮದ ಸಾಮಾನಿನ ಅಂಗಡಿಯ ಮೇಲಿನ ಬಾಡಿಗೆ ಮನೆಯೇ ಅವರ ಸ್ಟುಡಿಯೊ. 1962ರಲ್ಲಿ ಅಲ್ಲಿ ರೂಪುಗೊಂಡ 'ಟೆಲ್‌ಸ್ಟಾರ್' ಅಮೆರಿಕದ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೇರಿತು. ಆದರೆ ರಾಗ ಕದ್ದದ್ದೆಂದು ಫ್ರಾನ್ಸಿನ ಸಂಗೀತಗಾರರೊಬ್ಬರು ದಾವೆ ಹೂಡಿದ್ದರಿಂದ ಅದರ ರಾಯಧನ ವರ್ಷಗಟ್ಟಲೆ ತಡೆದು ನಿಂತಿತು. 1967ರ ಫೆಬ್ರವರಿಯಲ್ಲಿ ಮೀಕ್ ತೀರಿಕೊಂಡರು, ಮೊಕದ್ದಮೆ ಅವರ ಪರವಾಗಿ ತೀರ್ಮಾನವಾದದ್ದು ಆಮೇಲೆ. ಮನೆಯಲ್ಲೇ ಕೂತು ಜಗತ್ತು ಕೇಳುವ ಹಾಡು ಮಾಡಬಹುದು ಎಂಬ ಆಸೆ, ಅದರ ದುಡ್ಡು ಕೈಗೆ ಬರುವುದೆಂಬ ಖಾತರಿ ಇಲ್ಲದಿರುವುದು, ಎರಡೂ ಈ ಕಸುಬಿನ ಜೊತೆಗೇ ಹುಟ್ಟಿದವು.

ಮಿಕ್ಸಿಂಗ್ ಎಂಬುದು ಬೇರೆಯೇ ಒಂದು ಕೆಲಸವಾಗಿ ಒಡೆದು ನಿಂತದ್ದಕ್ಕೆ ಕಾರಣ ಟೇಪು. ಎಲ್ಲರೂ ಒಟ್ಟಿಗೆ ಕೂತು ನುಡಿಸಿ ಒಂದೇ ಏಟಿಗೆ ಮುದ್ರಿಸುವಾಗ ಬೆರೆಸುವ ಕೆಲಸ ಅಲ್ಲೇ ಮುಗಿಯುತ್ತಿತ್ತು. ನಾಲ್ಕು ಟ್ರ್ಯಾಕ್, ಎಂಟು, ಹದಿನಾರು, ಇಪ್ಪತ್ತನಾಲ್ಕು ಎಂದು ಟೇಪಿನ ಸಾಲುಗಳು ಹೆಚ್ಚಿದಂತೆ ತೀರ್ಮಾನಗಳನ್ನು ಮುಂದೂಡಬಹುದಾಯಿತು. ಮುಂದೂಡಿದ್ದನ್ನೆಲ್ಲ ಕೊನೆಗೆ ಯಾರಾದರೂ ಕೂತು ಬಗೆಹರಿಸಬೇಕಲ್ಲ. 1970ರ ದಶಕದ ಕೊನೆಗೆ ಬಂದ ಎಸ್‌ಎಸ್‌ಎಲ್ 4000 ಸರಣಿಯ ಮಿಕ್ಸಿಂಗ್ ಕನ್ಸೋಲ್‌ಗಳು, ಪ್ರತಿ ಟ್ರ್ಯಾಕಿನ ಸದ್ದನ್ನು ಏರಿಸಿ ಇಳಿಸುವ ಫೇಡರ್‌ಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ನೆನಪಿಟ್ಟುಕೊಳ್ಳತೊಡಗಿದ ಮೇಲೆ, ಬೇರೆಯವರು ಮುದ್ರಿಸಿದ ಟೇಪನ್ನು ತರಿಸಿಕೊಂಡು ಮಿಕ್ಸ್ ಮಾತ್ರ ಮಾಡಿಕೊಡುವ ಪರಿಣತರು ಕಾಣಿಸಿಕೊಂಡರು. ಅವರಲ್ಲಿ ಮುಖ್ಯರು ಅಮೆರಿಕದ ಬಾಬ್ ಕ್ಲಿಯರ್‌ಮೌಂಟನ್. ರೋಲಿಂಗ್ ಸ್ಟೋನ್ಸ್ ತಂಡದ 'ಟ್ಯಾಟೂ ಯು' (1981), ಬ್ರೂಸ್ ಸ್ಪ್ರಿಂಗ್‌ಸ್ಟೀನರ 'ಬಾರ್ನ್ ಇನ್ ದಿ ಯುಎಸ್‌ಎ' (1984) ಅವರ ಕೈಯಲ್ಲಿ ಹದಗೊಂಡವು. ಬಿಳಿ ಕೋನಿನ ಯಮಾಹಾ ಎನ್‌ಎಸ್-10 ಸ್ಪೀಕರು ಜಗತ್ತಿನ ಸ್ಟುಡಿಯೊಗಳಲ್ಲೆಲ್ಲ ಕಾಣುವಂತಾದದ್ದರಲ್ಲೂ ಅವರ ಪ್ರಭಾವವಿದೆ. ಮಿಕ್ಸಿಂಗ್ ಎಂಜಿನಿಯರುಗಳು ಊರಿಂದೂರಿಗೆ, ಸ್ಟುಡಿಯೊದಿಂದ ಸ್ಟುಡಿಯೊಗೆ ಹೋಗಬೇಕಿತ್ತು. ಎಲ್ಲಿ ಹೋದರೂ ಅದೇ ಸ್ಪೀಕರು ಇದ್ದರೆ ಕಿವಿಗೆ ಒಂದು ಅಳತೆಗೋಲು ಸಿಕ್ಕಂತೆ.

ಆಮೇಲೆ ಕನ್ಸೋಲೇ ಮನೆಗೆ ಬಂತು. 1991ರಲ್ಲಿ ಡಿಜಿಡಿಸೈನ್ ಕಂಪನಿ, ಕಂಪ್ಯೂಟರಿನಲ್ಲೇ ಧ್ವನಿ ಮುದ್ರಿಸಿ ಬೆರೆಸುವ ಪ್ರೊ ಟೂಲ್ಸ್ ಬಿಡುಗಡೆ ಮಾಡಿತು. ಹತ್ತು ವರ್ಷ ಕಳೆಯುವುದರೊಳಗೆ ಟೇಪಿನ ಕಾಲ ಮುಗಿಯುತ್ತ ಬಂದಿತ್ತು. 2020ರ ಗ್ರ್ಯಾಮಿ ಸಮಾರಂಭದಲ್ಲಿ ವರ್ಷದ ಆಲ್ಬಮ್ ಎನಿಸಿಕೊಂಡ ಬಿಲ್ಲಿ ಐಲಿಷರ ಮೊದಲ ಆಲ್ಬಮ್ ಬಹುಪಾಲು ತಯಾರಾದದ್ದು ಲಾಸ್ ಏಂಜಲೀಸಿನ ಹೈಲ್ಯಾಂಡ್ ಪಾರ್ಕಿನ ಮನೆಯೊಂದರ ಮಲಗುವ ಕೋಣೆಯಲ್ಲಿ. ನಿರ್ಮಾಪಕ ಅವರ ಅಣ್ಣ ಫಿನಿಯಸ್. ಆದರೆ ಮಿಕ್ಸಿಂಗಿಗೆ ಅವರು ರಾಬ್ ಕಿನೆಲ್‌ಸ್ಕಿ ಎಂಬ ಪರಿಣತರನ್ನೇ ಹಿಡಿದರು. ಮಲಗುವ ಕೋಣೆಯಲ್ಲೇ ಎಲ್ಲ ಮುಗಿಯಿತೆಂದು ಈ ಕಥೆ ಹೇಳುವವರು ಇದನ್ನು ಮರೆಯುತ್ತಾರೆ.

ಕನ್ನಡದ ಮಟ್ಟಿಗೆ ದಾರಿ ಮದ್ರಾಸಿನಿಂದ ಶುರುವಾಗುತ್ತದೆ. ದಶಕಗಳ ಕಾಲ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಅಲ್ಲಿನ ಸ್ಟುಡಿಯೊಗಳಲ್ಲೇ ಮುದ್ರಣಗೊಂಡವು. ಸಂಗೀತ ನಿರ್ದೇಶಕರು, ಗಾಯಕರು, ವಾದ್ಯಗಾರರು ಎಲ್ಲರೂ ಅಲ್ಲೇ ಸೇರಬೇಕಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಕಟ್ಟಿದ ಸಂಕೇತ್ ಸ್ಟುಡಿಯೊ ಆ ಅವಲಂಬನೆ ತಗ್ಗಲು ನೆರವಾಯಿತು. ಭಾವಗೀತೆ, ಭಕ್ತಿಗೀತೆ, ಜನಪದಗೀತೆಗಳ ಕ್ಯಾಸೆಟ್ ಮಾರುಕಟ್ಟೆ ಬೆಳೆದ ಕಾಲವೂ ಅದೇ. ಈಗ ಅಂಥ ಹಾಡುಗಳ ದೊಡ್ಡ ಪಾಲು ಮನೆಯ ಸ್ಟುಡಿಯೊಗಳಲ್ಲಿ ಸಿದ್ಧವಾಗುತ್ತಿದೆ; ಗಾಯಕಿ ಒಂದೂರಿನಲ್ಲಿ, ಕೊಳಲು ನುಡಿಸುವವರು ಇನ್ನೊಂದೂರಿನಲ್ಲಿ, ಬೆರೆಸುವವರು ಮತ್ತೆಲ್ಲೋ. ಬೆಂಗಳೂರಿನ ರಿಕಿ ಕೇಜ್ ಮತ್ತು ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಸೇರಿ ಮಾಡಿದ 'ವಿಂಡ್ಸ್ ಆಫ್ ಸಂಸಾರ' ಆಲ್ಬಮ್ 2015ರಲ್ಲಿ ಗ್ರ್ಯಾಮಿ ಪಡೆಯಿತು. ಅದರ ಮಿಕ್ಸಿಂಗಿನ ಹಿಂದಿದ್ದವರು ಚೆನ್ನೈನ ಪಿ.ಎ. ದೀಪಕ್.

ಮಿಕ್ಸ್ ಮಾಡುವುದೆಂದರೆ ಏನು? ಮೇಲುನೋಟಕ್ಕೆ ನಾಲ್ಕೇ ಕೆಲಸ. ಪ್ರತಿ ಧ್ವನಿಯ ಏರಿಳಿತವನ್ನು ಫೇಡರಿನಲ್ಲಿ ನಿಲ್ಲಿಸುವುದು, ಎಡ-ಬಲದಲ್ಲಿ ಜಾಗ ಹುಡುಕಿಕೊಡುವುದು, ಇಕ್ಯೂ ಮೂಲಕ ಅದರ ಕಂಪನಗಳಲ್ಲಿ ಬೇಕಾದ್ದನ್ನು ಎತ್ತಿ ಬೇಡದ್ದನ್ನು ತಗ್ಗಿಸುವುದು, ಏರಿಳಿತವನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಮತ್ತು ಅನುರಣನ ಸೇರಿಸುವ ರಿವರ್ಬ್ ಬಳಸಿ ಅದನ್ನು ಹತ್ತಿರಕ್ಕೋ ದೂರಕ್ಕೋ ಸರಿಸುವುದು. ಕಷ್ಟವಿರುವುದು ಒಂದೇ ಜಾಗಕ್ಕೆ ಹಲವರು ಹಕ್ಕು ಹೂಡುವಲ್ಲಿ. ತಬಲಾದ ಡಗ್ಗಾ, ಬೇಸ್ ಗಿಟಾರ್, ಕಿಕ್ ಡ್ರಮ್ ಮೂರೂ ಕೆಳಗಿನ ಕಂಪನಗಳಲ್ಲಿ ಕೂರುತ್ತವೆ. ಮೂರಕ್ಕೂ ಪೂರಾ ಜಾಗ ಕೊಟ್ಟರೆ ಬರೀ ಗುಂಯ್‌ಗುಡುವಿಕೆ ಉಳಿಯುತ್ತದೆ.

ಕನ್ನಡ ಹಾಡಿಗೆ ಇನ್ನೂ ಒಂದು ಪರೀಕ್ಷೆಯಿದೆ. 'ಕತೆ' ಮತ್ತು 'ಕತ್ತೆ' ಎಂಬ ಮಾತುಗಳ ವ್ಯತ್ಯಾಸ ಮುಖ್ಯವಾಗಿ 'ತ'ಕಾರ ಸ್ಫೋಟಿಸುವ ಮೊದಲಿನ ಮೌನ ಎಷ್ಟು ಉದ್ದ ಎಂಬುದರಲ್ಲಿದೆ. ಹಿಂದಿನ ಸ್ವರದ ರಿವರ್ಬ್ ಬಾಲ ಆ ಮೌನವನ್ನು ತುಂಬಿಬಿಟ್ಟರೆ ಒತ್ತಕ್ಷರ ಕರಗಿಹೋಗುತ್ತದೆ. ಸುಗಮ ಸಂಗೀತದಲ್ಲಿ ಕವಿಯ ಮಾತೇ ಪ್ರಾಣ; ಅಲ್ಲಿ ಇದು ಸಣ್ಣ ತಪ್ಪಲ್ಲ. ಅದಕ್ಕೇ ನುರಿತವರು ರಿವರ್ಬನ್ನು ಕೊಂಚ ತಡವಾಗಿ ಹೊರಡಿಸುತ್ತಾರೆ, ಇಲ್ಲವೇ ಗಾಯಕರು ಹಾಡುತ್ತಿರುವಷ್ಟು ಹೊತ್ತು ಅದು ತಾನಾಗಿ ತಗ್ಗುವಂತೆ ಕಟ್ಟುತ್ತಾರೆ. 'ಸ'ಕಾರ 'ಶ'ಕಾರಗಳ ಸೀಟಿಯನ್ನು ತಗ್ಗಿಸಲು ಡಿ-ಎಸ್ಸರ್ ಬಳಸುವಾಗಲೂ ಇದೇ ಎಚ್ಚರ ಬೇಕು. ಜಾಸ್ತಿಯಾದರೆ ಗಾಯಕಿಗೆ ನಾಲಿಗೆ ತೊದಲಿದಂತೆ ಕೇಳುತ್ತದೆ.

ಸ್ವತಂತ್ರ ಎಂಜಿನಿಯರಿನ ದೊಡ್ಡ ಶತ್ರು ಅವರ ಕೋಣೆಯೇ. ನಮ್ಮಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ಸಾಮಾನ್ಯ. ಹತ್ತಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್ ಕಂಪನದ ಅಲೆ ನಿಂತುಬಿಡುತ್ತದೆ. ಬೇಸ್ ಗಿಟಾರಿನ 'ಎ' ತಂತಿ ಮಿಡಿದರೆ ಬರುವುದು 55 ಹರ್ಟ್ಸ್. ಈ ಅಲೆ ಗೋಡೆಯ ಹತ್ತಿರ ಜೋರು, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಮೌನ. ಮೂರು ಅಳತೆಯೂ ಒಂದೇ ಆದರೆ ಮೂರು ದಿಕ್ಕಿನ ಅಲೆಗಳೂ ಅದೇ ಕಂಪನದ ಮೇಲೆ ಬಂದು ಬೀಳುತ್ತವೆ. ನಡುವೆ ಕೂತವರಿಗೆ ಬೇಸ್ ಸಾಲದೆನಿಸಿ ಅವರು ಅದನ್ನು ಏರಿಸುತ್ತಾರೆ. ಮರುದಿನ ಅದೇ ಹಾಡು ಕಾರಿನಲ್ಲಿ ಬಾಗಿಲು ನಡುಗಿಸುತ್ತದೆ. ಸಾವಿರಾರು ರೂಪಾಯಿಯ ಪ್ಲಗಿನ್ ಕೊಳ್ಳುವ ಮೊದಲು ಮೂಲೆಗಳಲ್ಲಿ ದಪ್ಪನೆಯ ರಾಕ್‌ವುಲ್ ಹಲಗೆಗಳನ್ನು ನಿಲ್ಲಿಸುವುದು, ಕೂರುವ ಜಾಗವನ್ನು ಕೋಣೆಯ ನಡುವಿನಿಂದ ಸರಿಸುವುದು ಹೆಚ್ಚು ಫಲ ಕೊಡುತ್ತದೆ. ಹಾಗಿದ್ದರೂ ಕಾರು, ಮೊಬೈಲ್, ಅಗ್ಗದ ಇಯರ್‌ಫೋನ್ ಎಲ್ಲದರಲ್ಲೂ ಕೇಳಿ ನೋಡದೆ ಯಾರೂ ಮಿಕ್ಸ್ ಕಳಿಸುವುದಿಲ್ಲ.

ಕಿವಿ ಅವರ ಬಂಡವಾಳ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು; ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. ಸದ್ದು ಏರಿದಷ್ಟೂ ಬೇಸ್ ತುಂಬಿದಂತೆ ಕಿವಿಗೆ ಭಾಸವಾಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಮೆಲ್ಲಗೆ ಕೇಳುತ್ತ ಮಿಕ್ಸ್ ಮಾಡುವ ರೂಢಿಗೆ ಎರಡೂ ಕಾರಣ.

ಗಿರಾಕಿಗೆ ಮಾತ್ರ ಹಾಡು ಜೋರಾಗಿಯೇ ಬೇಕು. ಪಕ್ಕದವರ ಹಾಡಿಗಿಂತ ತಮ್ಮದು ಮೆಲ್ಲಗೆ ಕೇಳಬಾರದೆಂಬ ಪೈಪೋಟಿ ಹಳೆಯದು. 2008ರಲ್ಲಿ ಬಂದ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಮ್ ಎಷ್ಟು ಒತ್ತಿ ಹಿಸುಕಿದಂತಿತ್ತೆಂದರೆ, ಗಿಟಾರ್ ಹೀರೊ ಎಂಬ ವಿಡಿಯೊ ಆಟದಲ್ಲಿದ್ದ ಅದೇ ಹಾಡುಗಳು ಸಿ.ಡಿ.ಗಿಂತ ಚೆನ್ನಾಗಿವೆಯೆಂದು ಅಭಿಮಾನಿಗಳೇ ದೂರಿದರು. ಈಗ ಸ್ಪಾಟಿಫೈ ಮಾಮೂಲಿಯಾಗಿ ಎಲ್ಲ ಹಾಡುಗಳನ್ನೂ, ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನದಲ್ಲಿ, -14 ಎಲ್‌ಯುಎಫ್‌ಎಸ್ ಮಟ್ಟದ ಆಸುಪಾಸಿಗೆ ತಂದು ನುಡಿಸುವುದರಿಂದ ಆ ಪೈಪೋಟಿಯ ಲಾಭ ಬಹುಮಟ್ಟಿಗೆ ಕರಗಿದೆ. ಇದನ್ನು ಗಿರಾಕಿಗೆ ತಾಳ್ಮೆಯಿಂದ ತಿಳಿಸಿ ಹೇಳುವುದೂ ಎಂಜಿನಿಯರಿನ ಕೆಲಸದ ಭಾಗವಾಗಿದೆ.

ವ್ಯವಹಾರದ ರೀತಿ ಹೀಗೆ. ಗಿರಾಕಿ ಪ್ರತಿ ಟ್ರ್ಯಾಕನ್ನೂ ಒಂದೇ ಬಿಂದುವಿನಿಂದ ಶುರುವಾಗುವ 24 ಬಿಟ್ ವೇವ್ ಫೈಲಾಗಿ ಕಳಿಸಬೇಕು, ಜೊತೆಗೆ ತನಗೆ ಹಿಡಿಸಿದ ಒಂದೆರಡು ಹಾಡುಗಳನ್ನು ಮಾದರಿಗೆ ಕೊಡಬೇಕು. ಅರ್ಧ ದುಡ್ಡು ಅಡ್ವಾನ್ಸ್, ಉಳಿದದ್ದು ಕೊನೆಯ ಫೈಲ್ ಕೊಡುವ ಮೊದಲು ಎಂಬುದು ಅನುಭವ ಕಲಿಸಿದ ನಿಯಮ. ಎರಡು ಅಥವಾ ಮೂರು ಸಲದ ತಿದ್ದುಪಡಿ ಒಪ್ಪಂದದಲ್ಲೇ ಸೇರಿರುತ್ತದೆ. "ವಾಯ್ಸ್ ಇನ್ನೊಂಚೂರು ಮೇಲೆ ಬರಲಿ ಸರ್" ಎಂಬುದು ಎಲ್ಲರೂ ಕೇಳುವ ತಿದ್ದುಪಡಿ. ಮುಗಿದ ಹಾಡಿನ ಜೊತೆ ಗಾಯನವಿಲ್ಲದ ಕರೋಕೆ ರೂಪ, ಮತ್ತು ತಾಳವಾದ್ಯ, ತಂತಿವಾದ್ಯ, ಗಾಯನ ಎಂದು ಗುಂಪುಗೂಡಿಸಿದ ಸ್ಟೆಮ್‌ಗಳನ್ನೂ ಕೊಡುತ್ತಾರೆ.

ದುಡ್ಡು ಹೇಗೆ ಪಡೆಯಬೇಕು ಎಂಬ ಬಗ್ಗೆ ಈ ಕಸುಬಿನೊಳಗೇ ಎರಡು ನಿಲುವುಗಳಿವೆ. ಪಾಶ್ಚಾತ್ಯ ನಿರ್ಮಾಪಕರು ಮುಂಗಡದ ಜೊತೆಗೆ ಮಾರಾಟದ ಮೇಲೆ 'ಪಾಯಿಂಟ್' ಎಂದು ಶೇಕಡಾವಾರು ಪಾಲು ಪಡೆಯುತ್ತಾರೆ. ಷಿಕಾಗೊದ ಎಂಜಿನಿಯರ್ ಸ್ಟೀವ್ ಅಲ್ಬಿನಿ ಇದನ್ನು ಜೀವಮಾನವಿಡೀ ನಿರಾಕರಿಸಿದರು. 1992ರಲ್ಲಿ ನಿರ್ವಾಣ ತಂಡಕ್ಕೆ ಬರೆದ ಪತ್ರದಲ್ಲಿ, ತನಗೆ ಕೊಳಾಯಿ ರಿಪೇರಿ ಮಾಡುವವನಿಗೆ ಕೊಡುವಂತೆ ಕೆಲಸದ ಕೂಲಿ ಕೊಟ್ಟರೆ ಸಾಕು, ರಾಯಧನ ತಂಡಕ್ಕೇ ಸೇರಬೇಕು ಎಂದರು. ಮರುವರ್ಷ ಬಂದ 'ಇನ್ ಯೂಟೆರೊ' ಆಲ್ಬಮ್ಮಿಗೆ ಅವರು ಹಾಗೆಯೇ ಕೆಲಸ ಮಾಡಿದರು. ಅದು ತತ್ತ್ವಕ್ಕಾಗಿ ತಾನಾಗಿಯೇ ಬಿಟ್ಟುಕೊಟ್ಟದ್ದು. ಕೇಳಿದರೂ ಸಿಗದವರ ಸ್ಥಿತಿ ಬೇರೆ.

ಭಾರತದ ಸ್ವತಂತ್ರ ಎಂಜಿನಿಯರುಗಳು ಹೀಗೆ ಕೇಳಿದರೂ ಸಿಗದವರ ಗುಂಪಿನವರು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ನಿರ್ಮಾಪಕನೆಂದರೆ ಅದನ್ನು ತಯಾರಿಸುವ ಉಪಕ್ರಮವನ್ನೂ ಹೊಣೆಯನ್ನೂ ಹೊತ್ತವನು. ರೂಢಿಯಲ್ಲಿ ಆ ಸ್ಥಾನ ಆಡಿಯೊ ಕಂಪನಿಗೆ ಅಥವಾ ಚಿತ್ರ ನಿರ್ಮಾಪಕರಿಗೆ ಹೋಗುತ್ತದೆ. 2012ರ ತಿದ್ದುಪಡಿ ಗೀತರಚನಕಾರರ ಮತ್ತು ಸಂಗೀತ ಸಂಯೋಜಕರ ರಾಯಧನಕ್ಕೆ ರಕ್ಷಣೆ ಕೊಟ್ಟಿತು. ಅದು ನ್ಯಾಯವಾದದ್ದೇ, ಆದರೆ ಬೆರೆಸಿದವರಿಗೆ ಅದರಲ್ಲಿ ಜಾಗವಿಲ್ಲ. ಅಮೆರಿಕ 2018ರ ಸಂಗೀತ ಆಧುನೀಕರಣ ಕಾಯಿದೆಯಲ್ಲಿ ನಿರ್ಮಾಪಕರು, ಮಿಕ್ಸರ್‌ಗಳು, ಸೌಂಡ್ ಎಂಜಿನಿಯರುಗಳ ಹೆಸರೆತ್ತಿ, ಕಲಾವಿದರು ಒಪ್ಪಿ ಪತ್ರ ಕೊಟ್ಟರೆ ಡಿಜಿಟಲ್ ರಾಯಧನದ ಪಾಲು ನೇರವಾಗಿ ಇವರ ಖಾತೆಗೆ ಸೇರುವ ದಾರಿ ಮಾಡಿತು. ಅಂಥದೊಂದು ಸಾಲು ನಮ್ಮ ಕಾನೂನಿನಲ್ಲೂ ಇರಬೇಕು.

ಹಣದ ಮಾತು ಹಾಗಿರಲಿ, ಹೆಸರಿನದೂ ಇದೇ ಕಥೆ. ಕ್ಯಾಸೆಟ್ಟಿನ ಮಡಿಕೆ ಕಾಗದದಲ್ಲಿ, ಸಣ್ಣ ಅಕ್ಷರದಲ್ಲಾದರೂ, ಧ್ವನಿಮುದ್ರಣ ಮಾಡಿದವರ ಹೆಸರಿಗೊಂದು ಸಾಲು ಇರುತ್ತಿತ್ತು. ಆ್ಯಪ್‌ಗಳಲ್ಲಿ ಹಾಡು ಏರಿಸುವವರು ಹೆಸರು ತುಂಬಿದರಷ್ಟೇ ಅದು ಕಾಣುತ್ತದೆ. ಅವಸರದಲ್ಲಿ ಆ ಚೌಕ ಖಾಲಿ ಉಳಿಯುವುದೇ ಹೆಚ್ಚು. ಆದ್ದರಿಂದ ಎಚ್ಚರವಿರುವ ಎಂಜಿನಿಯರುಗಳು ದರ, ತಿದ್ದುಪಡಿ, ಗಡುವುಗಳ ಜೊತೆಗೆ ತಮ್ಮ ಹೆಸರನ್ನು ಯಾವ ಕಾಗುಣಿತದಲ್ಲಿ, ಯಾವ ಕೆಲಸದ ಮುಂದೆ ಹಾಕಬೇಕೆಂಬುದನ್ನೂ ಒಪ್ಪಂದದ ಕಾಗದದಲ್ಲೇ ಬರೆದು, ಅಡ್ವಾನ್ಸ್ ಪಡೆಯುವ ಮೊದಲೇ ಸಹಿ ಹಾಕಿಸಿಕೊಳ್ಳುತ್ತಾರೆ.